ದೊಡ್ಡಪ್ಪ ಕಟ್ಟಿದ ಹಲ್ಲು ಮತ್ತು ನೂರ ಹದಿನೇಳನೇ ಸಾಲು

ನನ್ನ ಚಿಕ್ಕಮ್ಮನಿಗೆ ಕಚೇರಿಯಲ್ಲಿ ಪಟ್ಟಿಯಮ್ಮ ಎಂದು ಹೆಸರು. ಮೊದಮೊದಲು ಜನ ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರಂತೆ. ಒಂದು ದಿನ ಅವಳೇ ಫೋನೆತ್ತಿ, "ಹಾಂ, ಪಟ್ಟಿಯಮ್ಮ ಮಾತಾಡ್ತಿರೋದು, ಹೇಳಿ" ಅಂದಳು. ಅಲ್ಲಿಗೆ ಬೆನ್ನ ಹಿಂದೆ ಕರೆಯುವ ಸುಖ ಯಾರಿಗೂ ಉಳಿಯಲಿಲ್ಲ.

ವ್ಯಾಪಾರ ಇಲಾಖೆಯ ಮೂರನೇ ಮಹಡಿಯಲ್ಲಿ, ಮೆಟ್ಟಿಲ ಪಕ್ಕದ ಉದ್ದನೆಯ ಕೋಣೆ ಅವಳದು. ಕಿಟಕಿಯಾಚೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು, ಅದರ ಅಂಚಿನಲ್ಲಿ ಯಾವಾಗಲೂ ಮುನಿಸಿಕೊಂಡಂತೆ ಕೂತ ಎರಡು ಪಾರಿವಾಳ. ಮೂಲೆಯಲ್ಲಿ ಜೆರಾಕ್ಸ್ ಯಂತ್ರ, ಜ್ವರ ಬಂದವರ ಹಾಗೆ ಸದಾ ಬೆಚ್ಚಗೆ. ಆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತು ಚಿಕ್ಕಮ್ಮ ಮಾಡಿದ್ದು ಒಂದೇ ಕೆಲಸ. ನಮ್ಮ ಚಿಕ್ಕ ದೇಶ ಬೇರೆ ದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳುವಾಗೆಲ್ಲ ಕೊನೆಗೊಂದು ಅನುಬಂಧ ಇರುತ್ತದಲ್ಲ, ಯಾರೂ ಓದದ ಆ ಪುಟಗಳು, ಅವುಗಳನ್ನು ತಪ್ಪಿಲ್ಲದೆ ಬರೆಯುವುದು. ಮದುವೆಯ ಮಾತು ಬಂದಾಗ, "ನನಗೆ ಬೇಕಾದ ಗಂಡಿನ ಪಟ್ಟಿ ಬರೆದಿಟ್ಟಿದ್ದೆ, ಅಷ್ಟರಲ್ಲಿ ಯಾವುದೋ ಒಪ್ಪಂದ ಬಂತು, ಆ ಹಾಳೆ ಹಿಂದುಗಡೆ ಬೇರೇನೋ ಬರೆದುಬಿಟ್ಟೆ" ಎಂದು ಮಾತು ಮುಗಿಸುತ್ತಿದ್ದಳು.

ನಾನು ಕಾಲೇಜಿಗೆ ಹೋಗುತ್ತಿದ್ದ ಮೂರು ವರ್ಷ ಅವಳ ಮನೆಯಲ್ಲೇ ಇದ್ದೆ. ಆಗ ನಡೆಯುತ್ತಿದ್ದದ್ದು ಐದು ದೇಶಗಳ ಒಪ್ಪಂದ. ಕಚೇರಿಯ ಕಾಗದ ಮನೆಗೆ ತರುವಂತಿರಲಿಲ್ಲ. ಚಿಕ್ಕಮ್ಮ ಅದನ್ನು ತಲೆಯಲ್ಲಿ ತರುತ್ತಿದ್ದಳು. ಬಟ್ಟೆಗೆ ಇಸ್ತ್ರಿ ಹಾಕುತ್ತ ಅರ್ಧ ತನಗೆ, ಅರ್ಧ ನನಗೆ ಹೇಳಿಕೊಳ್ಳುತ್ತಿದ್ದಳು.

"ಸಾಮಾನಿನ ವಿಷಯ ಸುಲಭ ಕಣೆ. ಡಬ್ಬಿ, ಚೀಲ, ಯಂತ್ರ, ಎಲ್ಲಾ ಗಡೀಲಿ ನಿಲ್ಲಿಸಿ ಮುಟ್ಟಿ ನೋಡಬಹುದು. ಸೇವೆ ಅಂದ್ರೆ ಹಾಗಲ್ಲ. ಈಗ ಕ್ಷೌರ ಇದೆ. ಅದು ಹೇಗೆ ಗಡಿ ದಾಟುತ್ತೆ ಹೇಳು?"

"ಕತ್ತರಿ ಹಿಡಿದವನು ಈ ಕಡೆ ಬರಬೇಕು."

"ಇಲ್ಲಾ ನಿನ್ನ ತಲೆ ಆ ಕಡೆ ಹೋಗಬೇಕು. ಇಲ್ಲಾ ಅವನು ಇಲ್ಲೇ ಒಂದು ಅಂಗಡಿ ಹಾಕಬೇಕು. ಅಂಗಡಿ ಹಾಕಿದ ತಕ್ಷಣ ಅದಕ್ಕೆ ಹೂಡಿಕೆ ಅಂತ ಹೆಸರು, ಅಧ್ಯಾಯ ಹನ್ನೊಂದು. ಕ್ಷೌರ ಮಾತ್ರ ಅದೇ."

ಈ ಒಪ್ಪಂದದಲ್ಲಿ ಐದೂ ದೇಶಗಳು ಒಂದು ನಿಯಮ ಒಪ್ಪಿಕೊಂಡಿದ್ದವು. ಯಾವ ಕಸುಬು ಹೊರಗಿನವರಿಗೆ ಮುಚ್ಚಿದೆಯೋ ಅದನ್ನು ಮಾತ್ರ ಪಟ್ಟಿಯಲ್ಲಿ ಬರೆಯಬೇಕು, ಯಾವ ಕಾನೂನಿನ ಎಷ್ಟನೇ ಕಲಮಿನಿಂದ ಮುಚ್ಚಿದೆ ಎಂಬುದರ ಸಮೇತ. ಬರೆಯದೇ ಬಿಟ್ಟದ್ದೆಲ್ಲ ತೆರೆದ ಹಾಗೆ. ಮರೆತು ಬಿಟ್ಟರೂ ತೆರೆದ ಹಾಗೆ. ಇನ್ನೊಂದು ಕೊಕ್ಕೆ: ಒಮ್ಮೆ ಸಡಿಲಿಸಿದ್ದನ್ನು ಮತ್ತೆ ಬಿಗಿ ಮಾಡುವಂತಿಲ್ಲ. ಒಂದು ದೇಶದ ನೂರಾರು ಕಸುಬುಗಳ ಬಾಗಿಲು ಹೀಗೆ ಒಬ್ಬ ಹೆಂಗಸಿನ ನೆನಪಿನ ಮೇಲೆ ನಿಂತಿತ್ತು. ಆ ಹೆಂಗಸು ಮನೆಯಲ್ಲಿ ಕನ್ನಡಕ ಹಣೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುತ್ತಿದ್ದಳು.

ಒಪ್ಪಂದದ ನಿಯಮಗಳನ್ನು ಅವಳು ಮನೆಗೂ ತಂದಳು. ಒಂದು ಸಂಜೆ ನಾನು ಸಿನಿಮಾ ನೋಡಿ ಎಂಟು ಗಂಟೆಗೆ ಬಂದೆ. ಮಾರನೇ ವಾರ ಮತ್ತೆ ಎಂಟು. ಬೈಗುಳಕ್ಕೆ ಸಿದ್ಧಳಾಗಿ ಬಾಗಿಲಲ್ಲಿ ನಿಂತರೆ, "ಏನು ಮಾಡೋದು, ಒಂದು ಸಲ ಸಡಿಲಿಸಿಬಿಟ್ಟೆ. ಇನ್ನು ಏಳು ಗಂಟೆಗೆ ಇಳಿಸೋ ಹಕ್ಕು ನನಗಿಲ್ಲ" ಎಂದು ನಿಟ್ಟುಸಿರಿಟ್ಟು ತಟ್ಟೆ ಹಾಕಿದಳು. ನನಗೊಂದು ಛತ್ರಿ ಕೊಡಿಸಿದಾಗ ಅವಳ ಒಡಹುಟ್ಟಿದವರ ಉಳಿದ ಆರು ಮಕ್ಕಳಿಗೂ ಛತ್ರಿ ಹೋಯಿತು. ಒಬ್ಬರಿಗೆ ಕೊಟ್ಟ ಅನುಕೂಲ ಎಲ್ಲರಿಗೂ ಕೊಡಬೇಕು ಎಂಬುದು ಅಧ್ಯಾಯ ಒಂಬತ್ತು. ಮನೆಗೆ ಬಂದ ಅತಿಥಿಗೆ ಮನೆಯವರಷ್ಟೇ ಮರ್ಯಾದೆ ಎಂಬ ನಿಯಮದ ಪ್ರಕಾರ ಅವರಿಗೂ ಕಿವಿ ಮುರಿದ ಕಪ್ಪಿನಲ್ಲೇ ಚಹಾ.

ಇಷ್ಟು ಮಾತಾಡುವ ಹೆಂಗಸು ಕಚೇರಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಎಂದರೆ ಚಿಕ್ಕಮ್ಮನ ಅಕ್ಕನ ಗಂಡ. ಕಸುಬು, ಕಟ್ಟು ಹಲ್ಲು ಮಾಡುವುದು. ಹಳೆಯ ಒಂದು ಕಾನೂನಿನ ಪ್ರಕಾರ ಈ ಕಸುಬಿಗೆ ಜಿಲ್ಲೆಗೆ ಒಂದೇ ಪರವಾನಗಿ, ಅದೂ ಇಲ್ಲೇ ಹುಟ್ಟಿದವರಿಗೆ. ನಮ್ಮ ಜಿಲ್ಲೆಯ ಪರವಾನಗಿ ದೊಡ್ಡಪ್ಪನ ಅಂಗಡಿಯ ಗೋಡೆಯ ಮೇಲೆ, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ತೂಗುತ್ತಿತ್ತು. ಮುಂದಿನ ಕೋಣೆಯಲ್ಲಿ ಗಾಜಿನ ಕಪಾಟು, ಒಳಗೆ ಮುಖವಿಲ್ಲದ ಹನ್ನೆರಡು ನಗು. ಹಿಂದಿನ ಕೋಣೆಯಲ್ಲಿ ಸನ್ನೆಗೋಲು ಒತ್ತಿದರೆ ಮೇಲೇಳುವ ಕುರ್ಚಿ, ಸುಣ್ಣದ ವಾಸನೆ, ಗುಲಾಬಿ ಮೇಣದ ತುಣುಕುಗಳು. ಇಡೀ ಜಿಲ್ಲೆಯಲ್ಲಿ ಹಲ್ಲು ಉದುರಿದವರಿಗೆ ಅವರೊಬ್ಬರೇ ದಿಕ್ಕು. ಸ್ಪರ್ಧೆ ಇಲ್ಲದ ಕಡೆ ಏನಾಗುತ್ತದೋ ಅದೇ ಆಗಿತ್ತು. ನಮ್ಮ ಜಿಲ್ಲೆಯ ಮುದುಕರನ್ನು ಬೇರೆ ಜಿಲ್ಲೆಯವರು ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲವರಾಗಿದ್ದರು. ಮಾತಿನ ಹಿಂದೆ ಮುಂದೆ ಟಕ್, ಟಕ್ ಎಂದು ತಾಳ.

ಚಿಕ್ಕಮ್ಮನಿಗೆ ಐವತ್ತಮೂರನೇ ವಯಸ್ಸಿನಲ್ಲಿ ಮೇಲಿನ ಸಾಲು ಪೂರ್ತಿ ಹೋಯಿತು. ಸ್ವಂತ ಭಾವ ಇರುವಾಗ ಬೇರೆಲ್ಲಿಗೆ ಹೋಗುವುದು? ನದಿಯಾಚೆಯ ದೇಶದಲ್ಲಿ ಚೆನ್ನಾಗಿ ಕಟ್ಟುವವರಿದ್ದರು, ದೋಣಿಯಲ್ಲಿ ಒಂದು ಗಂಟೆಯ ಹಾದಿ. ಆದರೆ ಮಾತುಕತೆ ಮುಗಿಯುವವರೆಗೆ ಒಪ್ಪಂದದ ಕೆಲಸದವರು ಗಡಿ ದಾಟುವಂತಿರಲಿಲ್ಲ. ದಾಟಬಹುದಾಗಿದ್ದರೂ, ಅಕ್ಕನ ಮುಖ ನೋಡಬೇಕಲ್ಲ. ದೊಡ್ಡಪ್ಪ ಕಟ್ಟಿದ ಹಲ್ಲು ಹಾಕಿಕೊಂಡು ಅವಳು ಮೊದಲ ದಿನ ಕಚೇರಿಯಲ್ಲಿ "ನಮಸ್ಕಾರ ಸಾರ್" ಅಂದಾಗ ಮೇಲಿನ ಸಾಲು "ಸಾರ್" ತನಕ ಕಾಯದೆ ಕೆಳಗಿಳಿಯಿತು. ಅಂದಿನಿಂದ ಸಭೆಗಳಲ್ಲಿ ಅವಳು ಬಾಯಿಗೆ ಕೈ ಅಡ್ಡ ಇಟ್ಟು ತಲೆಯಾಡಿಸುವುದು, ಚೀಟಿ ಬರೆದು ದಾಟಿಸುವುದು. ಊಟವೆಂದರೆ ಮೆತ್ತಗೆ ಬೇಯಿಸಿದ್ದು. ದೇಶದ ನೂರಾರು ಕಾನೂನು ಬಾಯಿಪಾಠ ಇದ್ದವಳು ಆರು ವರ್ಷ ಬಾಯಿ ತೆರೆಯದೆ, ತನಗಿಂತ ಕಡಿಮೆ ತಿಳಿದವರು ತಪ್ಪು ಹೇಳುವುದನ್ನು ಕೇಳುತ್ತ ಕೂತಳು. ಅದು ಅವಳಿಗೆ ಎಷ್ಟು ಸುಡುತ್ತಿತ್ತೆಂಬುದು ಇಸ್ತ್ರಿ ಪೆಟ್ಟಿಗೆಯ ಓಟ ನೋಡಿದವರಿಗೆ ಮಾತ್ರ ಗೊತ್ತು.

ಪಟ್ಟಿ ಕೊಡಲು ಹತ್ತು ದಿನ ಉಳಿದಾಗ, ಜಿಲ್ಲೆಗಳಿಂದ ಬಂದ ಕಟ್ಟಿನಲ್ಲಿ ಕಟ್ಟು ಹಲ್ಲಿನ ಕಾನೂನು ಅವಳ ಮೇಜಿಗೆ ಬಂತು. ಅಂದು ಸಂಜೆ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಹಾಗೇ ಬಿಟ್ಟು ನಿಂತಳು. ನಾನು ಓಡಿ ಬಂದು ಎತ್ತದಿದ್ದರೆ ಸೀರೆ ಸುಡುತ್ತಿತ್ತು.

"ಒಂದು ಸಾಲು ಕಣೆ" ಅಂದಳು. "ಬರೆದ್ರೆ ಭಾವನ ಅಂಗಡಿ ಭದ್ರ. ಈ ಟಕ್ ಟಕ್ ಜೊತೇಲೇ ನಾನೂ ನಿವೃತ್ತಿ ಆಗ್ತೀನಿ. ಬಿಟ್ರೆ, ಆಚೆಯವರು ಬಂದು ಅಂಗಡಿ ಹಾಕ್ತಾರೆ, ನನ್ನ ಬಾಯಿಗೆ ಒಂದು ದಾರಿ ಆಗುತ್ತೆ. ಅಕ್ಕನ ಮನೆ ಮುಳುಗುತ್ತೆ."

"ಮರೆತೆ ಅಂದುಬಿಡು."

"ಮೂವತ್ತೊಂದು ವರ್ಷ ಒಂದೂ ಮರೆಯದೋಳು ಇದೊಂದನ್ನ ಮರೆತಳು ಅಂದ್ರೆ ಆ ಜೆರಾಕ್ಸ್ ಯಂತ್ರಾನೂ ನಗುತ್ತೆ."

ಸುದ್ದಿ ಹೇಗೆ ಹಬ್ಬಿತೋ, ಭಾನುವಾರ ದೊಡ್ಡಪ್ಪ ದೊಡ್ಡಮ್ಮ ಊಟಕ್ಕೆ ಬಂದರು. ಕರೆಯದೆ ಬಂದವರು ಸೇಬಿನ ಬುಟ್ಟಿ ತಂದಿದ್ದರಿಂದಲೇ ಕೆಲಸವಿದೆಯೆಂದು ಗೊತ್ತಾಯಿತು. ದೊಡ್ಡಪ್ಪ ಮಾತಿನ ಮಲ್ಲ. ಚಪ್ಪಲಿ ಬಿಡುವ ಮೊದಲೇ ಶುರು.

"ನೋಡು, ನಾನು ಶಿಫಾರಸು ಕೇಳೋಕೆ ಬಂದಿಲ್ಲ. ನನ್ನ ಕೆಲಸಾನೇ ಮಾತಾಡುತ್ತೆ."

"ಹೌದು ಭಾವ, ತುಂಬಾ ಮಾತಾಡುತ್ತೆ" ಎಂದಳು ಚಿಕ್ಕಮ್ಮ. ಟಕ್.

"ನಮ್ಮ ಕಸುಬು ಹೊರಗಿನವರಿಗೆ ತೆರೀಬೇಡಿ ಅಂತ ನಾನೇ ನಿಮ್ಮ ಇಲಾಖೆಗೆ ಮನವಿ ಹಾಕಿದೀನಿ. ಸಾರ್ವಜನಿಕರ ಅಭಿಪ್ರಾಯ ಅಂತ ಕರೆದಿದ್ರಲ್ಲ? ನಾಲ್ಕು ಪುಟ! ಕೇಳು." ಜೇಬಿನಿಂದ ಪ್ರತಿ ತೆಗೆದರು. "'ನನ್ನ ಕೈಚಳಕದ ಕೀರ್ತಿ ಗಡಿ ದಾಟಿದೆ. ನದಿಯಾಚೆಯ ದೇಶದಿಂದ ನೂರಾರು ಜನ ದೋಣಿಯೇರಿ ನನ್ನ ಹಲ್ಲಿಗಾಗಿ ಬರುತ್ತಾರೆ.'"

ಚಿಕ್ಕಮ್ಮ ಹಣೆಯ ಮೇಲಿನ ಕನ್ನಡಕ ಕಣ್ಣಿಗೆ ಇಳಿಸಿದಳು. "ಯಾರು ಬಂದಿದ್ರು ಭಾವ?"

"ಒಬ್ಬ ಬಂದಿದ್ದ. ದಾರಿ ತಪ್ಪಿ. ಆದ್ರೂ ಬಂದಿದ್ದ ತಾನೇ?"

"ಈ ಮನವಿ ಎಲ್ಲಾ ಐದೂ ದೇಶಕ್ಕೂ ಹೋಗುತ್ತೆ. ಯಾವ ಅರ್ಜೀನೂ ಮುಚ್ಚಿಡೋ ಹಾಗಿಲ್ಲ, ಅದು ಅಧ್ಯಾಯ ಹದಿನಾಲ್ಕು."

"ಹೋಗಲಿ! ಐದು ದೇಶಕ್ಕೂ ಗೊತ್ತಾಗಲಿ!" ಎಂದು ದೊಡ್ಡಪ್ಪ ಎದೆಯುಬ್ಬಿಸಿ ತಟ್ಟೆಯ ಮುಂದೆ ಕೂತರು.

ಊಟವಾದ ಮೇಲೆ ಅವರು ಆರಾಮ ಕುರ್ಚಿಯಲ್ಲಿ ತೂಕಡಿಸತೊಡಗಿದರು. ಅಡುಗೆಮನೆಯಲ್ಲಿ ಚಿಕ್ಕಮ್ಮ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ. ದೊಡ್ಡಮ್ಮ ಕಟ್ಟೆಗೊರಗಿ ಬುಟ್ಟಿಯಿಂದೊಂದು ಸೇಬು ಎತ್ತಿಕೊಂಡರು. ಚಾಕು ತೆಗೆದುಕೊಳ್ಳಲಿಲ್ಲ. ಇಡೀ ಸೇಬನ್ನು ಬಾಯಿಗಿಟ್ಟು ಮುಂದಿನ ಹಲ್ಲಿನಿಂದ ಕರಕ್ಕನೆ ಕಚ್ಚಿದರು. ನೆಲದ ಮೇಲೆ ರಸದ ಹನಿ ಬಿತ್ತು.

ಚಿಕ್ಕಮ್ಮ ನಲ್ಲಿ ನಿಲ್ಲಿಸಿದಳು. ದೊಡ್ಡಮ್ಮನಿಗೆ ಸ್ವಂತ ಹಲ್ಲು ಇಲ್ಲವೆಂಬುದು ಮನೆಗೆಲ್ಲ ಗೊತ್ತು.

"ಅಕ್ಕಾ."

"ಏನು?"

"ಇನ್ನೊಂದು ಸಲ ಕಚ್ಚು ನೋಡೋಣ."

ದೊಡ್ಡಮ್ಮ ಬಾಗಿಲ ಕಡೆ ನೋಡಿದರು. ಕುರ್ಚಿಯಿಂದ ಗೊರಕೆ ಕೇಳಿ ಬಂತು. "ಮೆಲ್ಲಗೆ ಮಾತಾಡು ಮಾರಾಯ್ತಿ. ಆ ಕಡೆಯದು. ಹೋದ ವರ್ಷ ನಾದಿನಿ ಮಗಳ ಹೊಸ ಮನೆ ನೋಡೋಕೆ ಅಂತ ಹೋದ್ನಲ್ಲ."

"ಭಾವನಿಗೆ ಗೊತ್ತಿಲ್ವಾ?"

"ತಾವು ಕಟ್ಟಿದ್ದೇ ಅಂದ್ಕೊಂಡಿದಾರೆ. 'ನೋಡು, ವರ್ಷ ಕಳೆದ ಹಾಗೆ ನನ್ನ ಹಲ್ಲು ಹೇಗೆ ಕೂತ್ಕೊಳ್ಳುತ್ತೆ' ಅಂತ ಬಂದವರಿಗೆಲ್ಲಾ ನನ್ನ ಬಾಯಿ ತೋರಿಸ್ತಾರೆ."

ಚಿಕ್ಕಮ್ಮ ತೊಳೆಯುವ ತೊಟ್ಟಿಗೆ ಆತುಕೊಂಡು, ಸೆರಗಿನಿಂದ ಬಾಯಿ ಮುಚ್ಚಿ, ಸದ್ದಿಲ್ಲದೆ ನಕ್ಕಳು. ನಕ್ಕು ಮುಗಿದಾಗ ದೊಡ್ಡಮ್ಮನ ಕಣ್ಣಲ್ಲಿ ನೀರು ತುಂಬಿತ್ತು, ಅದು ನಗುವಿನದಲ್ಲ.

"ಬರೆದುಬಿಡೇ ಆ ಸಾಲು" ಅಂದರು. "ಹಲ್ಲು ಸರಿ ಇಲ್ಲ, ನಿಜ. ಆದ್ರೆ ಆ ಗೋಡೆ ಮೇಲಿನ ಚೌಕಟ್ಟು ಇಳಿಸಿದ್ರೆ ಈ ಮನುಷ್ಯ ಉಳಿಯಲ್ಲ. ನನಗೆ ಕಟ್ಟಿಕೊಟ್ಟೋಳೂ ಇಲ್ಲಿ ಅಂಗಡಿ ಹಾಕಬೇಕು ಅಂತ ಕಾಯ್ತಿದಾಳೆ. ಗಟ್ಟಿಗಿತ್ತಿ. ಅವಳೊಬ್ಬಳೇ ಬಂದ್ರೆ ಇವರು ಆರು ತಿಂಗಳಲ್ಲಿ ಬೀದಿಗೆ."

ಸೋಮವಾರ ಚಿಕ್ಕಮ್ಮ ಆ ಸಾಲು ಬರೆದಳು. ಅಕ್ಕನಿಗಾಗಿ ಎಂದು ಹೇಳಲಿಲ್ಲ. "ಕಾನೂನು ಜಾರಿಯಲ್ಲಿದೆ, ಪಟ್ಟಿಯಲ್ಲಿರಬೇಕು, ಅಷ್ಟೇ" ಅಂದಳು. ನೂರ ಹದಿನೇಳನೇ ಸಾಲು, ಪಟ್ಟಿಯ ಕೊನೆಯದು: ಕಟ್ಟು ಹಲ್ಲು ತಯಾರಿಕೆ ಮತ್ತು ಜೋಡಣೆ, ಹೊರಗಿನವರಿಗೆ ಇಲ್ಲ. ಆ ವಾರ ಮನೆಯಲ್ಲಿ ಎಲ್ಲ ಬಟ್ಟೆಗೂ ಎರಡೆರಡು ಸಲ ಇಸ್ತ್ರಿ ಆಯಿತು.

ಆಮೇಲಿನದು ಐದು ದೇಶಗಳವರು ಕೂತ ಕೊನೆಯ ಸಭೆ. ಅಂದು ಸಂಜೆ ಚಿಕ್ಕಮ್ಮ ಅದನ್ನು ಎರಡೂ ಕೈ ಬಳಸಿ ಹೇಳಿದ್ದರಿಂದ ನಾನೇ ಅಲ್ಲಿದ್ದ ಹಾಗೆ ನೆನಪಿದೆ.

ಉದ್ದನೆಯ ಮೇಜು, ಹಸಿರು ಬಟ್ಟೆ, ಪ್ರತಿಯೊಬ್ಬರ ಮುಂದೂ ಒಂದು ಲೋಟ ನೀರು. ನಮ್ಮ ಕಡೆಯ ಮುಖ್ಯಸ್ಥರು, ಎಲ್ಲರೂ ಸಾಹೇಬರು ಎನ್ನುವವರು, ನಡುವೆ. ಅವರ ಹಿಂದಿನ ಕುರ್ಚಿಯಲ್ಲಿ ಕಡತಗಳ ಜೊತೆ ಚಿಕ್ಕಮ್ಮ. ಎದುರಿಗೆ ನದಿಯಾಚೆಯ ದೇಶದ ಪ್ರತಿನಿಧಿ, ಕನ್ನಡಕಕ್ಕೆ ಕೆಂಪು ದಾರ ಕಟ್ಟಿಕೊಂಡ ಹೆಂಗಸು. ಮಧ್ಯಾಹ್ನದ ಊಟದ ನಂತರ ಎಲ್ಲರಿಗೂ ಸಹಿ ಹಾಕಿ ಎದ್ದರೆ ಸಾಕೆಂಬ ಆಯಾಸ. ಆಗ ಕೆಂಪು ದಾರದವಳು ಕೊನೆಯ ಪುಟ ತಿರುವಿದಳು.

"ನೂರ ಹದಿನೇಳು. ಒಂದು ಸಣ್ಣ ಅನುಮಾನ."

ಸಾಹೇಬರು ಪುಟ ತಿರುವಿದರು. ಅಲ್ಲಿ ಏನಿದೆಯೆಂದು ಅವರು ನೋಡಿದ್ದು ಅದೇ ಮೊದಲು.

"ನಿಮ್ಮ ಕಸುಬುದಾರರೊಬ್ಬರ ಮನವಿ ಓದಿದ್ವಿ. ನಮ್ಮವರು ನೂರಾರು ಜನ ಅವರ ಹತ್ರ ಬರ್ತಾರಂತೆ. ಹಾಗಾದ್ರೆ ನಮ್ಮ ದೇಶದ ಬಾಗಿಲು ನಿಮಗೆ ತೆರೆದ ಹಾಗೇ ಆಯ್ತು, ನಿಮ್ಮದು ನಮಗ್ಯಾಕೆ ಮುಚ್ಚಿರಬೇಕು? ನಾವೂ ದೋಣಿಕಟ್ಟೆಯಲ್ಲಿ ವಿಚಾರಿಸಿದ್ವಿ. ನಿಮ್ಮ ಕಡೆಗೆ ಹಲ್ಲಿಗೆ ಅಂತ ಹೋದವರು ಒಬ್ಬರೂ ಸಿಗಲಿಲ್ಲ. ಆದರೆ ನಿಮ್ಮವರು ಹೋದ ವರ್ಷ ಅರವತ್ತೆರಡು ಜನ ನಮ್ಮಲ್ಲಿ ಕಟ್ಟಿಸಿಕೊಂಡು ಹೋಗಿದಾರೆ. ಹೆಸರು ಬರೆದಿಲ್ಲ, ವಿವರ ಮಾತ್ರ ಇದೆ." ಅವಳು ಕನ್ನಡಕ ಏರಿಸಿ ಓದಿದಳು. "ನಿವೃತ್ತ ಶಿಕ್ಷಕ. ದರ್ಜಿ. ಹಾಡುಗಾರ್ತಿ. ಗೃಹಿಣಿ, ಗಂಡನ ಕಸುಬು..." ಓದುತ್ತಿದ್ದವಳು ತಾನೇ ಓದು ನಿಲ್ಲಿಸಿ, ಇನ್ನೊಮ್ಮೆ ನೋಡಿಕೊಂಡಳು. "ಗಂಡನ ಕಸುಬು, ಕಟ್ಟು ಹಲ್ಲು ಮಾಡುವುದು."

ಐದು ದೇಶಗಳು ಒಟ್ಟಿಗೆ ನಕ್ಕವು. ಏಳು ವರ್ಷದ ಮಾತುಕತೆಯಲ್ಲಿ ಅವು ಒಮ್ಮತದಿಂದ ಮಾಡಿದ ಮೊದಲ ಕೆಲಸ ಅದು. ಗೃಹಿಣಿ ಯಾರೆಂಬುದು ಇಡೀ ಕೋಣೆಯಲ್ಲಿ ಗೊತ್ತಿದ್ದದ್ದು ಒಬ್ಬಳಿಗೆ. ಅವಳು ಕಡತದ ಹಿಂದೆ ಮುಖ ಮರೆಸಿಕೊಂಡಳು.

ಸಾಹೇಬರು ಬೆವರುತ್ತ ಹಿಂದಕ್ಕೆ ತಿರುಗಿದರು. "ಏನಮ್ಮಾ, ಈ ಸಾಲಿಗೆ ನಮ್ಮ ಸಮರ್ಥನೆ ಏನು? ನೀವೇ ಹೇಳಿಬಿಡಿ."

ಚೀಟಿ ಬರೆಯಲು ಹೊತ್ತಿರಲಿಲ್ಲ. ಚಿಕ್ಕಮ್ಮ ಎದ್ದು ನಿಂತಳು. "ಸ್ಥಳೀಯ ಕುಶಲತೆಯ..." ಅಂದಳು. ಅಷ್ಟರಲ್ಲಿ ಸ್ಥಳೀಯ ಕುಶಲತೆ ಮೇಲಿನ ವಸಡಿನಿಂದ ಕಳಚಿ ಹೊರಗೆ ಜಾರಿತು. ಅವಳು ಕರವಸ್ತ್ರದಲ್ಲಿ ಹಿಡಿದುಕೊಂಡಳು. ನೆಲಕ್ಕೆ ಬೀಳಲಿಲ್ಲ. ಈ ಸಲ ಯಾರೂ ನಗಲಿಲ್ಲ. ನೀರಿನ ಲೋಟಗಳನ್ನೇ ನೋಡುತ್ತ ಕೂತರು.

ಚಿಕ್ಕಮ್ಮ ಕೂರಬಹುದಿತ್ತು. ಕೂರಲಿಲ್ಲ. ಕರವಸ್ತ್ರ ಮಡಿಸಿ ಕಡತದ ಮೇಲಿಟ್ಟಳು. ಆಮೇಲೆ ಆರು ವರ್ಷಗಳಲ್ಲಿ ಮೊದಲ ಸಲ ಬಾಯಿಗೆ ಕೈ ಅಡ್ಡ ಇಡದೆ ಮಾತಾಡಿದಳು. ಹಲ್ಲಿಲ್ಲದೆ ಅವಳ ಮಾತು ಹಲ್ಲಿದ್ದಾಗಿನದಕ್ಕಿಂತ ಸ್ಪಷ್ಟವಾಗಿತ್ತಂತೆ.

"ಮನವಿ ಬರೆದವರು ನನ್ನ ಭಾವ. ಇದು ಅವರು ಕಟ್ಟಿದ್ದು. ಸಂಬಂಧದ ವಿಷಯ ನಾನು ಮೊದಲೇ ಸಾಹೇಬರಿಗೆ ಹೇಳಬೇಕಿತ್ತು, ಹೇಳಲಿಲ್ಲ, ಅದು ತಪ್ಪು. ಬೇಕಾದ್ರೆ ನಾನು ಹೊರಗೆ ಹೋಗ್ತೀನಿ. ಅದಕ್ಕೆ ಮೊದಲು, ಸಾಲು ಪೂರ್ತಿ ಹೊಡೆದು ಹಾಕೋದೂ ಬೇಡ, ಹೀಗೇ ಇಡೋದೂ ಬೇಡ, ಬೇರೆ ಮಾತಲ್ಲಿ ಬರೀಬಹುದು ಅಂತ ಸೂಚನೆ."

"ಹೇಗೆ?" ಎಂದಳು ಕೆಂಪು ದಾರದವಳು.

"ಹೊರಗಿನವರು ಬಂದು ಅಂಗಡಿ ಹಾಕಬಹುದು. ಆದ್ರೆ ಆ ಜಿಲ್ಲೆಯ ಪರವಾನಗಿ ಇರೋರನ್ನ ಪಾಲುದಾರರಾಗಿ ಸೇರಿಸಿಕೊಂಡೇ ಹಾಕಬೇಕು. ಮೂರು ವರ್ಷದಲ್ಲಿ ಅವರಿಗೆ ಕೆಲಸ ಸರಿಯಾಗಿ ಕಲಿಸಿಕೊಡಬೇಕು."

"ಕಲಿಸಲೇಬೇಕು ಅಂತ ಹೂಡಿಕೆದಾರರ ಮೇಲೆ ಷರತ್ತು ಹೇರೋ ಹಾಗಿಲ್ಲ. ಅಧ್ಯಾಯ ಹನ್ನೊಂದು, ಏಳನೇ ಕಲಮು."

"ಪಟ್ಟೀಲಿ ಬರೆದಿದ್ರೆ ಹೇರಬಹುದು. ಅದೇ ಅಧ್ಯಾಯ, ಹನ್ನೆರಡನೇ ಕಲಮು, ಎರಡನೇ ವಾಕ್ಯ. ಅದಕ್ಕೇ ಪಟ್ಟೀಲಿ ಬರೀತಿದೀವಿ."

ಕೆಂಪು ದಾರದವಳು ಪುಟ ತಿರುವಿದಳು. ಎರಡನೇ ವಾಕ್ಯ ಓದಿದಳು. ಮತ್ತೊಮ್ಮೆ ಓದಿದಳು. "ಇಷ್ಟು ದಿನ ಈ ಅಮ್ಮನ್ನ ಯಾಕೆ ಮಾತಾಡಿಸಲಿಲ್ಲ ನೀವು?" ಎಂದು ಸಾಹೇಬರನ್ನು ಕೇಳಿದಳು. ಸಾಹೇಬರು ನೀರು ಕುಡಿದರು. ಭಾವನ ವಿಷಯವಾದ್ದರಿಂದ ಹೊಸ ಮಾತುಗಳನ್ನು ಚಿಕ್ಕಮ್ಮ ಬರೆಯಲಿಲ್ಲ, ಸಾಹೇಬರ ಕೈಯಲ್ಲೇ ಬರೆಸಿದಳು. ಅವರು ಪೆನ್ನು ಹಿಡಿದು, "ಪಾಲುದಾರರಾಗಿ ಆದ್ಮೇಲೆ ಏನಂದ್ರಿ?" ಎಂದು ಶಾಲೆಯ ಮಗುವಿನಂತೆ ಕೇಳಿ ಕೇಳಿ ಬರೆದರಂತೆ.

ಒಪ್ಪಂದ ಜಾರಿಗೆ ಬಂದು ಎರಡು ತಿಂಗಳಾಗುವ ಹೊತ್ತಿಗೆ, ದೊಡ್ಡಮ್ಮನಿಗೆ ಹಲ್ಲು ಕಟ್ಟಿಕೊಟ್ಟಿದ್ದ ನದಿಯಾಚೆಯವಳು ಏಳು ಪೆಟ್ಟಿಗೆ ಸಾಮಾನಿನ ಜೊತೆ ದೊಡ್ಡಪ್ಪನ ಅಂಗಡಿಯ ಮೆಟ್ಟಿಲೇರಿದಳು. ಗಿಡ್ಡ ಆಳು, ಅಗಲ ಮಣಿಕಟ್ಟು, ಮೇಣ ಮೆತ್ತಿದ ಏಪ್ರನ್. ದೊಡ್ಡಪ್ಪ ಒಂದು ವಾರ ಮುಖ ಗಂಟು ಹಾಕಿಕೊಂಡು ಬಾಗಿಲಲ್ಲೇ ಕೂತರು. ಯಾವ ಪಾಪಿ ಆ ಸಾಲು ಬದಲಾಯಿಸಿದನೋ ಎಂದು ಬಂದವರೆಲ್ಲರ ಮುಂದೆ ಶಪಿಸಿದರು. ಚಿಕ್ಕಮ್ಮ ಅಲ್ಲಿಗೆ ಹೋಗುವುದನ್ನೇ ಬಿಟ್ಟಳು. ಹಲ್ಲಿನ ಸೆಟ್ಟನ್ನು ಕರವಸ್ತ್ರದಿಂದ ತೆಗೆದು ಮತ್ತೆ ಹಾಕಿಕೊಳ್ಳಲೂ ಇಲ್ಲ. ಗಂಜಿ ಕುಡಿದು, ಹಲ್ಲಿಲ್ಲದೆ ಕಚೇರಿಗೆ ಹೋಗಿ, ಸಭೆಗಳಲ್ಲಿ ಜೋರಾಗಿ ಮಾತಾಡತೊಡಗಿದಳು.

ದೊಡ್ಡಪ್ಪನನ್ನು ಒಳಗೆ ಎಳೆದದ್ದು ಕುತೂಹಲ. ಎಂಟನೇ ದಿನ ಹಿಂದಿನ ಕೋಣೆಗೆ ಇಣುಕಿದರು. ಒಂಬತ್ತನೇ ದಿನ, "ಮೇಣ ಅಷ್ಟು ಕಾಯಿಸಬಾರದು" ಅಂದರು. ಅವಳು, "ಹಾಗಾದ್ರೆ ನೀವು ಕಾಯಿಸಿ ತೋರಿಸಿ" ಅಂದಳು. ಹದಿನೈದು ದಿನ ಅವರ ಕೆಲಸ ನೋಡಿ, ಒಂದು ಸಂಜೆ ದೊಡ್ಡಮ್ಮನ ಎದುರಿಗೇ ತೀರ್ಪು ಕೊಟ್ಟಳು.

"ಕೈ ಚೆನ್ನಾಗಿದೆ ಇವರದು. ನನಗಿಂತ ಹಗುರ. ತೊಂದರೆ ಬಾಯಿ."

"ಗಿರಾಕಿ ಬಾಯಾ?" ಎಂದರು ದೊಡ್ಡಮ್ಮ.

"ಇವರ ಬಾಯಿ. ಗಿರಾಕಿ ಬಾಯಲ್ಲಿ ಅಳತೆಯ ಅಚ್ಚು ಇಟ್ಟು ಮೂರು ನಿಮಿಷ ಅಲುಗಾಡದೆ ಹಿಡೀಬೇಕು. ಇವರು ಆ ಮೂರು ನಿಮಿಷಾನೂ ಮಾತಾಡ್ತಾರೆ. ಮಾತಿನ ಜೊತೆ ಕೈ ಕುಣಿಯುತ್ತೆ, ಕೈ ಜೊತೆ ಅಚ್ಚು. ಇಪ್ಪತ್ತೆಂಟು ವರ್ಷ ಈ ಜಿಲ್ಲೆಯವರ ಬಾಯಲ್ಲಿ ಇವರ ಮಾತಿನ ಅಚ್ಚು ಕೂತಿದೆ."

ದೊಡ್ಡಪ್ಪ ಆ ರಾತ್ರಿ ಊಟ ಮಾಡಲಿಲ್ಲವಂತೆ. ಮರುದಿನ ಬೆಳಿಗ್ಗೆ ಎದ್ದವರೇ ಹೆಂಡತಿಯ ಮುಂದೆ ಕೂತು, "ಬಾಯಿ ತೆಗಿ" ಅಂದರು. ದೊಡ್ಡಮ್ಮ ತೆಗೆದರು. ಅವರು ಬಹಳ ಹೊತ್ತು ನೋಡಿದರು. ಕಸುಬುದಾರನ ಕಣ್ಣು, ಈ ಸಲ ಸುಳ್ಳು ಹೇಳಿಕೊಳ್ಳಲಿಲ್ಲ. "ಅವಳು ಕಟ್ಟಿದ್ದಾ?" ಎಂದು ಕೇಳಿದರು. ದೊಡ್ಡಮ್ಮ ತೆರೆದ ಬಾಯಲ್ಲೇ ತಲೆಯಾಡಿಸಿದರು. ದೊಡ್ಡಪ್ಪ ಎದ್ದು ಚಪ್ಪಲಿ ಮೆಟ್ಟಿ, ಅಂಗಡಿಗೆ ಅರ್ಧ ಗಂಟೆ ಮೊದಲೇ ಹೋದರು.

ಮೂರು ವಾರದ ನಂತರ ಒಂದು ಶನಿವಾರ ಅವರು ನಮ್ಮ ಮನೆಗೆ ಹೇಳಿ ಕಳಿಸಿದರು: ನಾದಿನಿ ಬರಲಿ, ಹೊಸ ಸೆಟ್ಟಿಗೆ ಅಳತೆ ತೆಗೆಯಬೇಕು. ಚಿಕ್ಕಮ್ಮ ನನ್ನನ್ನೂ ಎಳೆದುಕೊಂಡು ಹೋದಳು. "ಬೈದ್ರೆ ಸಾಕ್ಷಿಗೆ ಇರು" ಅಂದಳು.

ಬೈಯಲಿಲ್ಲ. ಕುರ್ಚಿ ತೋರಿಸಿದರು. ಸನ್ನೆಗೋಲು ಒತ್ತಿ ಮೇಲೇರಿಸಿದರು. ಪಾಲುದಾರಳು ಮೂಲೆಯಲ್ಲಿ ಕೈ ಕಟ್ಟಿ ನಿಂತಿದ್ದಳು, ಮಧ್ಯೆ ಬರಲಿಲ್ಲ. ದೊಡ್ಡಪ್ಪ ಅಚ್ಚಿನ ಗುಲಾಬಿ ಹಿಟ್ಟು ಕಲಸಿ ದವಡೆಯಾಕಾರದ ಪುಟ್ಟ ತಟ್ಟೆಗೆ ತುಂಬಿ ಚಿಕ್ಕಮ್ಮನ ಬಾಯೊಳಗಿಟ್ಟು, ಎರಡು ಬೆರಳಲ್ಲಿ ಒತ್ತಿ ಹಿಡಿದರು. ಗೋಡೆ ಗಡಿಯಾರದ ಕಡೆ ನೋಡಿದರು. ಒಂದು ನಿಮಿಷ ಕಳೆಯಿತು. ಒಂದೂವರೆ ನಿಮಿಷ.

"ಆ ಸಾಲು ಬದಲಾಯಿಸಿದ್ದು ನೀನೇ ಅಲ್ವಾ?"

ಬಾಯಿ ತುಂಬ ಹಿಟ್ಟು. ಚಿಕ್ಕಮ್ಮ ಚಾವಣಿ ನೋಡಿದಳು, ನನ್ನನ್ನು ನೋಡಿದಳು, ಹುಬ್ಬು ಮೇಲಕ್ಕೆತ್ತಿದಳು. ಹೌದೆಂದೂ ಇಲ್ಲವೆಂದೂ ಹೇಳಲಾಗದ ಆ ಸ್ಥಿತಿ ಅವಳಿಗೆ ಸಾಕಷ್ಟು ಹಿತವಾಗಿದ್ದಂತೆ ಕಂಡಿತು.

ಮೂರು ನಿಮಿಷ ತುಂಬಿತು. ದೊಡ್ಡಪ್ಪ ಅಚ್ಚನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಆ ಕಡೆ ಈ ಕಡೆ ತಿರುಗಿಸಿದರು. ಅವರೇ ಅದನ್ನು ಬಕೆಟ್ಟಿಗೆ ಹಾಕಿದರು.

"ಕೈ ಅಲುಗಾಡ್ತು. ಇನ್ನೊಂದು ಸಲ."

ಮತ್ತೆ ಹಿಟ್ಟು ಕಲಸಿದರು. ಚಿಕ್ಕಮ್ಮ ತುಟಿ ಒರೆಸಿಕೊಂಡು, "ಭಾವ, ಆ ಸಾಲಿನ ವಿಷಯ" ಎಂದು ಬಾಯಿ ತೆರೆದಳು. ದೊಡ್ಡಪ್ಪ ಅಚ್ಚನ್ನು ಒಳಗಿಟ್ಟು, ತಮ್ಮ ತುಟಿ ಬಿಗಿಹಿಡಿದು, ಗಡಿಯಾರ ನೋಡತೊಡಗಿದರು.